ಮುಂದಿನ ಬ್ರೇಕ್ ಅಂದ್ರೆ ಯಾಕಿಷ್ಟು ಭಯ?

ತುರ್ತಾಗಿ ಬೈಕ್ ನಿಲ್ಲಿಸಲು ಹಿಂದಿನ ಬ್ರೇಕನ್ನೇ ನಂಬಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುವುದು ಕಷ್ಟ. ಬ್ರೇಕ್ ಹಾಕಿದ ತಕ್ಷಣ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಗ್ಗುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಆಗ ಹಿಂದಿನ ಬ್ರೇಕ್ ಪೆಡಲ್ ಜೋರಾಗಿ ತುಳಿದರೆ ಹಿಂದಿನ ಚಕ್ರ ಲಾಕ್ ಆಗಿ, ಅಂದರೆ ತಿರುಗದೆ ನಿಂತು, ಗಾಡಿ ಅಡ್ಡ ಜಾರುತ್ತದೆ, ಅಷ್ಟೆ. ಎರಡೂ ಬ್ರೇಕ್ ಬೇಕು, ಆದರೆ ಜಾಸ್ತಿ ಕೆಲಸ ಮುಂದಿನದ್ದೇ. ಮುಂದಿನ ಬ್ರೇಕಿನ ಲಿವರನ್ನು ಗಬಕ್ಕನೆ ಎಳೆಯಬಾರದು. ಮೊದಲು ಮೆಲ್ಲಗೆ ಒತ್ತಿ, ಟೈರಿಗೆ ಹಿಡಿತ ಸಿಕ್ಕ ಮೇಲೆ ಬಲವಾಗಿ ಒತ್ತಬೇಕು. ಹ್ಯಾಂಡಲ್ ನೇರ ಇರಲಿ. ತಿರುವಿನಲ್ಲಿ ಮರಳು ಬಿದ್ದಿದ್ದರೆ ಮುಂದಿನದು ಕೈಕೊಡುತ್ತದೆ, ಆ ಮಾತು ನಿಜ.

ಇನ್ನೊಂದು ವಿಷಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಸಿಂಗಲ್ ಚಾನೆಲ್ ಎಬಿಎಸ್ ಅಂದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಲಾಕ್ ಆಗಬಹುದು. ಲೇಖನದಲ್ಲಿ ಇದನ್ನೂ ಸೇರಿಸಬಹುದಿತ್ತು, ಅಲ್ವಾ?