ಬರದಿದ್ದರೆ ಕೇಳುವವರು

ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯಿತೆಂದರೆ ದಾವಣಗೆರೆಯ ಕಲ್ಯಾಣ ಮಂಟಪಗಳು ಭಣಗುಡುತ್ತವೆ. ಸಂಕ್ರಾಂತಿ ಕಳೆಯುವವರೆಗೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಶೂನ್ಯ ಮಾಸ ಅನ್ನುತ್ತೇವಲ್ಲ, ಅದರ ಬಿಸಿ ಮೊದಲು ತಟ್ಟುವುದು ಅಡುಗೆಯವರಿಗೆ, ಬ್ಯಾಂಡ್‌ಸೆಟ್ಟಿನವರಿಗೆ, ಶಾಮಿಯಾನದವರಿಗೆ. ಮೆಕ್ಕೆಜೋಳ ಒಣಗಿಸಿಟ್ಟ ರೈತರು ಇವತ್ತಲ್ಲ ನಾಳೆ ರೇಟು ಏರೀತು ಅಂತ ಕಾಯುತ್ತಿರುತ್ತಾರೆ. ನೆಂಟರಿಷ್ಟರು ಒಂದು ಕಡೆ ಸೇರಲು ನೆಪವೇ ಸಿಗುವುದಿಲ್ಲ. ಚಳಿಗೆ ಬೇಗ ಬಾಗಿಲು ಹಾಕಿಕೊಳ್ಳುತ್ತೇವೆ. ಒಂಟಿಯಾಗಿರುವವರಿಗೆ ಇದು ಬಹಳ ಭಾರದ ತಿಂಗಳು. ನಮ್ಮ ಯಜಮಾನರು ತೀರಿಕೊಂಡ ವರ್ಷ ನನಗೆ ಅದು ಚೆನ್ನಾಗಿ ಅರ್ಥವಾಯಿತು.

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ಕ್ಕೆ. ಆ ದಿನ ನಮ್ಮೂರಲ್ಲಿ ಬೆಳಕಿರುವುದು ಸುಮಾರು ಹನ್ನೊಂದೂಕಾಲು ಗಂಟೆ. ಹೊತ್ತು ಮುಳುಗುವ ವೇಳೆ ನವೆಂಬರ್ ಕೊನೆಯಿಂದಲೇ ನಿಧಾನಕ್ಕೆ ಮುಂದೆ ಹೋಗತೊಡಗಿರುತ್ತದೆ. ಸಂಜೆಗಳು ಆಗಲೇ ಹಿಗ್ಗುತ್ತಿರುತ್ತವೆ. ಬೆಳಗು ಮಾತ್ರ ಜನವರಿ ಕೊನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಆರೂಮುಕ್ಕಾಲಾದರೂ ಸೂರ್ಯ ಕಾಣುವುದಿಲ್ಲ.

ಧನುರ್ಮಾಸ ನಮ್ಮನ್ನು ಎಬ್ಬಿಸುವುದು ಸರಿಯಾಗಿ ಆ ಕತ್ತಲ ಬೆಳಗಿನಲ್ಲೇ. ಚುಕ್ಕಿಗಳಿರುವಾಗಲೇ ಪೂಜೆ ಆಗಬೇಕು, ಹೆಸರುಬೇಳೆ ಹುಗ್ಗಿಯ ನೈವೇದ್ಯ ಆಗಬೇಕು. ಮಂಡಕ್ಕಿ ಭಟ್ಟಿಯ ಕಡೆ ಒಲೆಗಳು ಹೊತ್ತಿ ಉರಿಯುತ್ತಿರುವ ಹೊತ್ತದು. ನಮ್ಮ ಬೀದಿಯ ಗುಡಿಯಲ್ಲಿ ಸ್ವೆಟರ್, ಶಾಲು, ಮಂಕಿ ಕ್ಯಾಪಿನ ಇಪ್ಪತ್ತು ಮೂವತ್ತು ಜನ ಸೇರುತ್ತೇವೆ. ಮೆಣಸು, ಶುಂಠಿ, ತುಪ್ಪ ಹಾಕಿದ ಹುಗ್ಗಿ ದೊನ್ನೆಯಲ್ಲಿ ಹಬೆಯಾಡುತ್ತಿರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಿನ್ನುವ ಮೊದಲು ಒಂದಿಷ್ಟು ಹೊತ್ತು ಬಿಸಿ ಕಾಯಿಸಿಕೊಳ್ಳುತ್ತಾ ಮಾತಾಡುತ್ತೇವೆ.

ಹೋದ ವರ್ಷ ಒಂದು ಮಂಗಳವಾರ ಹುಗ್ಗಿ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದುಕೊಂಡೇ ಸುತ್ತ ನೋಡಿ, "ಅಜ್ಜಿ ಎಲ್ರೀ? ಇವತ್ತು ಬಂದಿಲ್ವಲ್ಲ" ಅಂದ. ಹಿಂದಿನ ಬೀದಿಯ ಅಜ್ಜಿ ಅವರು. ಅವರ ಯಜಮಾನರು ಕಾಟನ್ ಮಿಲ್ಲಿನಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ಮಗ ಬೆಂಗಳೂರಿನಲ್ಲಿ. ಒಂದು ದೊನ್ನೆ ಹುಗ್ಗಿ ಹಿಡಿದು ನಾನೂ ಪಕ್ಕದ ಮನೆ ಅಕ್ಕನೂ ಹೋದೆವು. ಬಾಗಿಲು ಬಡಿದು ಬಡಿದು ಸಾಕಾದ ಮೇಲೆ ಒಳಗಿನಿಂದ ಚಿಲಕ ಸರಿದ ಸದ್ದಾಯಿತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಿಂದಿನ ರಾತ್ರಿ ಹೊಟ್ಟೆಗೆ ಏನೂ ಹಾಕಿರಲಿಲ್ಲ. "ಸುಮ್ನೆ ನಿಮಗ್ಯಾಕೆ ತ್ರಾಸು ತಾಯೀ" ಅನ್ನುತ್ತಲೇ ಗೋಡೆ ಹಿಡಿದು ಕೂತುಬಿಟ್ಟರು. ಆಟೋ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆವು. ಮಗ ಬಹಳ ಒಳ್ಳೆಯವನು, ವಾರ ತಪ್ಪದೆ ಫೋನ್ ಮಾಡುತ್ತಾನೆ. ಆದರೆ ಫೋನ್ ಮಾಡುವುದು ಭಾನುವಾರ.

ಅವತ್ತಿನಿಂದ ನಾನು ಇದನ್ನು ಗಟ್ಟಿಯಾಗಿ ನಂಬಿದ್ದೇನೆ: ಮನುಷ್ಯರಿಗೆ ಬೇಕಾಗಿರುವುದು ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರುವ ಸಣ್ಣ ಗುಂಪು. ದುಗ್ಗಮ್ಮನ ಜಾತ್ರೆ ನನಗೆ ಪ್ರಾಣ. ಆದರೆ ಆ ಜನಸಾಗರದಲ್ಲಿ ಯಾರು ಬಂದಿಲ್ಲ ಅಂತ ಯಾರಿಗೆ ತಿಳಿಯಬೇಕು? ಗುಡಿಯ ಮುಂದಿನ ಇಪ್ಪತ್ತು ಜನರಲ್ಲಿ ಒಬ್ಬರು ತಪ್ಪಿದರೂ ಆ ಜಾಗ ಖಾಲಿ ಕಾಣುತ್ತದೆ.

ಇದು ನಮ್ಮ ಗುಡಿಗಳಲ್ಲಷ್ಟೇ ಇರುವುದಲ್ಲ. ಪಿ.ಜೆ. ಬಡಾವಣೆಯ ಸೇಂಟ್ ಥಾಮಸ್ ಚರ್ಚಿಗೆ ಹೋಗುವ ಗೆಳತಿಯೊಬ್ಬಳಿದ್ದಾಳೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಅವರಿಗೆ ಆಗಮನ ಕಾಲ. ಮೊದಲ ವಾರ ಒಂದು ಮೇಣದಬತ್ತಿ, ಮುಂದಿನ ವಾರ ಎರಡು, ಹೀಗೆ ನಾಲ್ಕು. ಮೊದಲನೆಯದು ಭರವಸೆಗೆ. ಮೂರನೆಯದು ಗುಲಾಬಿ ಬಣ್ಣದ್ದು, ಅದು ಸಂತೋಷಕ್ಕೆ. ಹಬ್ಬ ಇನ್ನೂ ದೂರ ಇರುವಾಗಲೇ ಎಲ್ಲರೂ ಸೇರಿ ಕಾಯುತ್ತಾರೆ, ಅದು ನನಗೆ ತುಂಬಾ ಹಿಡಿಸಿತು. 41 ದಿನದ ವ್ರತ ಹಿಡಿದ ಅಯ್ಯಪ್ಪ ಮಾಲಾಧಾರಿಗಳೂ ಅಷ್ಟೇ. ಸಂಜೆಯ ಭಜನೆಗೆ ಒಬ್ಬರು ಬರದಿದ್ದರೆ ಉಳಿದವರು ಹುಡುಕಿಕೊಂಡು ಹೋಗುತ್ತಾರೆ.

ಅದಕ್ಕೇ ಗುಡಿ ಕಮಿಟಿಗಳವರಲ್ಲಿ ಕೈಮುಗಿದು ಕೇಳುತ್ತೇನೆ. ಸೀರಿಯಲ್ ಲೈಟಿಗೆ, ಫ್ಲೆಕ್ಸಿಗೆ, ದೊಡ್ಡ ಸೌಂಡ್ ಸಿಸ್ಟಮ್ಮಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ. ಈ ತಿಂಗಳು ಕೆಲಸವಿಲ್ಲದ ಅಡುಗೆಯವರನ್ನು ಕರೆದು ಹುಗ್ಗಿ ಮಾಡಿಸಿ, ಸೇವೆ ಅಂತ ಪುಕ್ಕಟೆ ಮಾಡಿಸಿಕೊಳ್ಳಬೇಡಿ, ಕೂಲಿ ಕೊಡಿ. ಹುಗ್ಗಿ ಎಲ್ಲರ ಕೈಗೂ ಒಂದೇ ಸಾಲಿನಲ್ಲಿ ಬರಬೇಕು. ಮೆಟ್ಟಿಲ ಕೆಳಗೆ ಹಿಂಜರಿಯುತ್ತ ನಿಂತವರನ್ನು ಮೇಲೆ ಕರೆಯಬೇಕು. ಯಾವ ಕೇರಿಯವರು ಅಂತ ಕೇಳುವ ಬಾಯಿ ಇನ್ನೂ ನಮ್ಮಲ್ಲಿದೆ, ಅದು ಮುಚ್ಚದೆ ಈ ಮಾತೆಲ್ಲ ವ್ಯರ್ಥ. ಗುಡಿಗೆ ಹೋಗದವರೂ ಇರುತ್ತಾರೆ. ಕುಂದವಾಡ ಕೆರೆಯ ಏರಿ ಮೇಲೆ ದಿನಾ ವಾಕಿಂಗ್ ಬರುವ ಗುಂಪುಗಳಿಗೆ ಹೇಳುವುದೂ ಇದೇ: ದಿನಾ ಎದುರಾಗುವ ಮುಖ ನಾಲ್ಕು ದಿನ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸಿ.

ನಮ್ಮ ಗುಡಿಯಲ್ಲಿ ಈ ಸಲ ಪೂಜೆ ಐದೂವರೆಗೆ. ಮಂಡಿನೋವಿನವರಿಗೆ ಅಂತ ಕುರ್ಚಿ ಹಾಕಿಸುತ್ತಿದ್ದೇವೆ. ಬರದವರ ಮನೆಗೆ ಯಾವ ದಿನ ಯಾರು ಹೋಗಿ ನೋಡಬೇಕು ಅಂತ ಸರದಿಯೂ ಗೊತ್ತುಮಾಡಿದ್ದೇವೆ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ. ಪೂಜೆಗೆ ನಿಲ್ಲದಿದ್ದರೂ ನಡೆಯುತ್ತದೆ, ಹುಗ್ಗಿ ಹೊತ್ತಿಗೆ ಬಂದರೂ ಸಾಕು.