ಎರಡು ಕೋಟ್ ಹೊಡದ್ರ ಮುಗೀತ್ರಿ ಅಂದಿದ್ದ

ಇವತ್ತು ಬೆಳಗ್ಗೆ ಮೇಲಿನ ರೂಮಿನ ಬಾಗಿಲು ತೆಗೆದೆ. ಮತ್ತೆ ಅದೇ ವಾಸನೆ. ಸುಟ್ಟ ಪ್ಲಾಸ್ಟಿಕ್ಕು, ಜೊತೆಗೆ ಒದ್ದೆ ಗೋಣಿಚೀಲ. ಬೆಂಕಿ ಬಿದ್ದ ಮೇಲೆ 1,18,000 ರೂಪಾಯಿಗೆ ಒಪ್ಪಿ ರಿಪೇರಿ ಮಾಡಿಸಿದ ರೂಮು ಇದು, ಕೆಲಸ ಮುಗಿದು ಇನ್ನೂ ಎರಡು ತಿಂಗಳಾಗಿಲ್ಲ. ಕಿಟಕಿ ಪಕ್ಕದ ಗೋಡೆಯಲ್ಲಿ ಹೊಸ ಬಣ್ಣದ ಅಡಿಯಿಂದ ಚಹಾ ಚೆಲ್ಲಿದಂಥ ಕಲೆ ಎದ್ದಿತ್ತು. ಉಗುರಿನಿಂದ ಕೆರೆದೆ. ಬಣ್ಣ ಹಪ್ಪಳದ ಹಾಗೆ ಕಿತ್ತು ಕೈಗೇ ಬಂತು. ಹಿಂದೆ ನೋಡಿದ್ರೆ ಮಸಿ! ಒಂದು ಸಲ ಒರೆಸಿಯೂ ಇಲ್ಲ ಮಹಾರಾಯ.

ನಮ್ಮ ಮನೆ ಧಾರವಾಡದಲ್ಲಿ, ಸಪ್ತಾಪುರದ ಕಡೆ. ಗಲ್ಲಿಗೊಂದು ಕೋಚಿಂಗ್ ಕ್ಲಾಸು ಇರುವ ಜಾಗ ಅಂತ ಎಲ್ಲರಿಗೂ ಗೊತ್ತು. ಪಿಎಸ್‌ಐ, ಕೆಎಎಸ್ ಅಂತ ಓದೋಕೆ ಬರುವ ಹುಡುಗರಿಗೆ ನಮ್ಮ ಮಾಳಿಗೆ ಮೇಲಿನ ಈ ರೂಮು ಬಾಡಿಗೆಗೆ ಕೊಡ್ತೀವಿ. ಮೇಲೆ ತಗಡು, ಒಳಗೆ ಜಿಪ್ಸಮ್ ಸೀಲಿಂಗು, ನಡುವೆ ಪ್ಲೈವುಡ್ ಅಡ್ಡಗೋಡೆ. ತಿಂಗಳಿಗೆ 6,500. ಯಜಮಾನ್ರ ಪೆನ್ಶನ್ ಬಿಟ್ರೆ ನಮಗೆ ಆಧಾರ ಅದೇ.

ಜೂನ್ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ಹುಡುಗ ಬಕೆಟ್ಟಿಗೆ ನೀರು ಕಾಯಿಸೋ ಕಾಯಿಲ್ ಹಾಕಿದ್ದಾನೆ. ಕರೆಂಟ್ ಹೋಗಿದೆ. ಕ್ಲಾಸಿಗೆ ಹೊತ್ತಾಯ್ತು ಅಂತ ಕಾಯಿಲ್ ತೆಗೆದು ಹಾಸಿಗೆ ಮೇಲೆ ಇಟ್ಟು, ಉಗುರು ಬೆಚ್ಚಗಿನ ನೀರಲ್ಲೇ ಮಿಂದು ಹೋಗಿದ್ದಾನೆ. ಸ್ವಿಚ್ ಆನ್ ಇದ್ದ ಹಾಗೇ ಇತ್ತು. ಆಮೇಲೆ ಕರೆಂಟ್ ಬಂತು, ಕಾಯಿಲ್ ಕಾದು ಹಾಸಿಗೆಗೆ ಬೆಂಕಿ ಹತ್ತಿತು. ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಬಿದ್ದು ಲೈನ್ ಕಡಿಯೋ ಸ್ವಿಚ್ಚು, ಯಾಕೆ ಬೀಳಲಿಲ್ಲ ಅಂತ ಎಲ್ಲರೂ ಕೇಳಿದರು. ಅದು ಯಾಕೆ ಬೀಳುತ್ತೆ? ಕಾಯಿಲ್ ನೀರಲ್ಲಿದ್ರೂ ಹಾಸಿಗೆ ಮೇಲಿದ್ರೂ ಎಳೆಯೋ ಕರೆಂಟ್ ಹೆಚ್ಚುಕಡಿಮೆ ಅಷ್ಟೇ, 1500 ವ್ಯಾಟಿನದಾದ್ರೆ ಆರೂವರೆ ಆಂಪಿಯರ್. ಎಂಸಿಬಿಗೆ ಎಲ್ಲ ಸರಿಯಾಗೇ ಕಾಣುತ್ತೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಯಾರಿಗೂ ಏನೂ ಆಗಲಿಲ್ಲ, ಅಷ್ಟು ಸಾಕು. ಅವರಪ್ಪ ಹಾವೇರಿ ಕಡೆಯಿಂದ ಬಸ್ಸು ಹತ್ತಿ ಬಂದು ಕೈ ಮುಗಿದಾಗ ನಾನೇ ಚಹಾ ಕೊಟ್ಟು ಸಮಾಧಾನ ಮಾಡಿದೆ. ಅವನ ನೋಟ್ಸು ನೆನೆದು ಉಬ್ಬಿತ್ತು, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಂದೊಂದೇ ಹಾಳೆ ಒಣಗಿಸಿದ. ಅಗ್ನಿಶಾಮಕದವರ ಮೇಲೂ ಸಿಟ್ಟಿಲ್ಲ. ನೀರು ಹೊಡೀದೇ ಬೆಂಕಿ ಆರತ್ತಾ? ಆದ್ರೆ ಬೆಂಕಿ ತಿಂದದ್ದು ಒಂದು ಮೂಲೆ, ಉಳಿದದ್ದೆಲ್ಲ ನೀರೇ ತಿಂತು. ಜಿಪ್ಸಮ್ ನೆನೆದ ರೊಟ್ಟಿಯ ಹಾಗೆ ಜೋತುಬಿತ್ತು. ಪ್ಲೈವುಡ್ ಪದರ ಬಿಟ್ಟಿತು. ಕೆಳಗಿನ ನಮ್ಮ ಪಡಸಾಲೆಗೂ ಮೂರು ದಿನ ತೊಟ್ಟಿಕ್ಕಿತು.

ವಿಮೆ ಇತ್ತಾ ಅಂತ ಕೇಳಬೇಡಿ. ಮನೆಗೆ ಅಂತಲೇ ಭಾರತ್ ಗೃಹ ರಕ್ಷಾ ಅನ್ನೋ ಪಾಲಿಸಿ 2021ರ ಏಪ್ರಿಲ್‌ನಿಂದಲೇ ಇದೆಯಂತೆ. ಪಕ್ಕದ ಮನೆಯ ರಿಟೈರ್ಡ್ ಬ್ಯಾಂಕಿನವರು ಸುಟ್ಟ ಮೇಲೆ ಬಂದು ಹೇಳಿದರು. ಒಳ್ಳೇದಾಯ್ತು.

ನನ್ನ ಸಿಟ್ಟೆಲ್ಲ ಆ ಕಾಂಟ್ರಾಕ್ಟರ್ ಮೇಲೆ. ಬಂದವನೇ ಗೋಡೆ ತಟ್ಟಿ ನೋಡಿ, "ಅಕ್ಕಾರ, ಏನ್ ಚಿಂತಿ ಮಾಡಬ್ಯಾಡ್ರಿ, ಎರಡು ಕೋಟ್ ಹೊಡದ್ರ ಮುಗೀತ್ರಿ, ಪಂಚಮಿ ಒಳಗ ಕೀಲಿ ಕೈಯಾಗ ಕೊಡ್ತೀನಿ" ಅಂದ. ಕೊಟ್ಟ, ಸುಳ್ಳು ಹೇಳಬಾರದು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಹೊದ್ದುಕೊಂಡ ಚಾದರೂ ಒಣಗಲ್ಲ, ಅಂಥದ್ರಲ್ಲಿ ನೀರು ಕುಡಿದ ಗೋಡೆ ಎಂಟೇ ದಿನಕ್ಕೆ ಒಣಗ್ತು ಅಂತ ಪುಟ್ಟಿ ಎಳೆದು ಬಣ್ಣ ಹೊಡೆದ. ಗೋಡೆ ಇನ್ನೂ ಹಸಿ ಇದ್ದಂಗಿದೆಯಲ್ಲಪ್ಪ ಅಂದ್ರೆ, "ಅದು ತಂಪ್ರೀ, ಹಸಿ ಅಲ್ಲ" ಅಂದ! ತಂಪಂತೆ!

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಮೈದುನ ಮೊನ್ನೆ ಬಂದಿದ್ದ. ಒಂದು ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿದ. ಮರುದಿನ ಬೆಳಗ್ಗೆ ಹಾಳೆಯ ಒಳಗಡೆ ನೀರ ಹನಿ. ಇಷ್ಟೇ ಪರೀಕ್ಷೆ, ಎರಡು ರೂಪಾಯಿ ಖರ್ಚಿಲ್ಲ. ಅವನೇ ಹೇಳಿದ್ದು, ಮಸಿಯನ್ನು ಮೊದಲು ಒಣಗಿದ್ದಾಗಲೇ ಬ್ರಷ್ಷಿನಿಂದ ಉದುರಿಸಬೇಕಂತೆ, ಸೀದಾ ನೀರು ಹಾಕಿದ್ರೆ ಗಿಲಾವಿನ ಒಳಗೇ ಇಳಿಯುತ್ತಂತೆ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಲು ಬಿಟ್ಟು, ಕಲೆ ತಡೆಯುವ ಆಯಿಲ್ ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ನಮ್ಮ ಮಹಾನುಭಾವ ಕೊನೇದರಿಂದ ಶುರು ಮಾಡಿ ಕೊನೇದಕ್ಕೇ ಮುಗಿಸಿದ್ದಾನೆ.

ಇಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. ಮೈದುನ ಸ್ವಿಚ್ ಬೋರ್ಡ್ ಬಿಚ್ಚಿದ. ಹೊರಗಿನ ಪ್ಲೇಟು ಹೊಸದು, ಬೆಳ್ಳಗೆ ಫಳಫಳ. ಒಳಗೆ ಒಂದು ಗೇಣು ಹೊಸ ವಯರು, ಅದರ ತುದಿಗೆ ಟೇಪ್ ಸುತ್ತಿ ಹಳೇ ವಯರಿಗೇ ಗಂಟು. ಹಳೇ ವಯರಿನ ಮೇಲಿನ ಪ್ಲಾಸ್ಟಿಕ್ಕು ಬೆಂದು ಬಿರುಕು ಬಿಟ್ಟಿತ್ತು, ಒಳಗಿನ ತಾಮ್ರ ಹಸಿರಾಗಿತ್ತು. ಪಿವಿಸಿ ಸುಟ್ಟ ಹೊಗೆಯಲ್ಲಿ ಆಸಿಡ್ ಇರುತ್ತೆ, ಲೋಹ ತಿನ್ನುತ್ತೆ ಅಂದ. ಇನ್ನೊಬ್ಬರ ಮನೆ ಮಕ್ಕಳು ಮಲಗೋ ರೂಮಿಗೆ ಹೀಗೆ ಗಂಟು ಹಾಕಿ ಮುಚ್ಚಿ ಹೋಗೋಕೆ ಮನಸ್ಸು ಹೇಗೆ ಬರುತ್ತೆ? ಬೆಂಕಿ ಬಿದ್ದ ರೂಮು ಕಣ್ರೀ ಅದು!

ಇನ್ನು ಪ್ಲೈವುಡ್. ಬಿಲ್ಲಿನಲ್ಲಿ ಬರೆದದ್ದು ಮರೈನ್, ಐಎಸ್ 710, ಅಂದ್ರೆ ನೀರಿಗೆ ತಡೆಯೋ ಮಾಲು. ಅಡ್ಡಗೋಡೆಯ ಹಿಂದೆ ಟಾರ್ಚ್ ಬಿಟ್ಟು ನೋಡಿದ್ರೆ ಹಲಗೆಯ ಮೇಲಿನ ಸೀಲು 303, ಅಂದ್ರೆ ಸಾಮಾನ್ಯ ಕಮರ್ಷಿಯಲ್ ಮಾಲು. ಮೊದಲಿದ್ದದ್ದೂ ಅದೇ, ನೀರಿಗೆ ಪದರ ಬಿಟ್ಟದ್ದೂ ಅದೇ. ಈಗ ಹಿಂಬದಿಗೆ ಬೂಷ್ಟು ಬಂದಿದೆ, ಬಿಳಿ ಹತ್ತಿಯ ಹಾಗೆ.

ಫೋನ್ ಮಾಡಿದೆ. ನಾಲ್ಕು ಸಲ ಎತ್ತಲಿಲ್ಲ. ಐದನೇ ಸಲ ಯಜಮಾನ್ರ ನಂಬರಿನಿಂದ ಮಾಡಿದೆ, ತಕ್ಷಣ ಎತ್ತಿದ. ವಾಸನೆ ಬರ್ತಿದೆ ಅಂದ್ರೆ, "ದಿನಾ ಸಂಜಿಮುಂದ ಊದಿನಕಡ್ಡಿ ಹಚ್ಚಿಡ್ರಿ ಅಕ್ಕಾರ, ಹೋಕ್ಕತಿ" ಅನ್ನೋದಾ! ಹೊಗೆ ವಾಸನೆಗೆ ಇನ್ನೊಂದಿಷ್ಟು ಹೊಗೆ. ಕಲೆಗೆ ಏನು ಮಾಡ್ತೀಯಪ್ಪ ಅಂದ್ರೆ, ಮಳೆ ನಿಲ್ಲಲಿ, ಮೇಲೆ ಇನ್ನೊಂದು ಕೋಟ್ ಎಳೀತೀನಿ, ರೊಕ್ಕ ನಿಮಗ ತಿಳಿದಷ್ಟು ಕೊಡ್ರಿ ಅಂದ.

ಹುಡುಗರು ಗಣಪತಿ ಹಬ್ಬಕ್ಕೇ ರೂಮು ಬಿಟ್ಟು ಬೇರೆ ಕಡೆ ಹೋದರು, ತಲೆನೋವು ಬರುತ್ತೆ ಆಂಟಿ ಅಂತ. ಬಾಡಿಗೆ ನಿಂತಿದೆ. ನಾಳೆಯಿಂದ ಗೌಂಡಿ ಬಂದು ಗಿಲಾವು ಕಿತ್ತು ಇಟ್ಟಿಗೆ ಕಾಣಿಸ್ತಾನೆ, ಅದು ಒಣಗೋಕೆ ಎಷ್ಟು ದಿನ ಬೇಕೋ ಅಷ್ಟು ದಿನ ಕಿಟಕಿ ತೆಗೆದಿಟ್ಟು ಫ್ಯಾನ್ ಹಾಕ್ತೀವಿ, ಫ್ಯಾನಿಗೆ ಕರೆಂಟು ಕೆಳಗಿನ ಮನೆಯಿಂದಲೇ ಎಳೀತೀವಿ. ವಯರು ಬೋರ್ಡಿನಿಂದ ಮೀಟರಿನವರೆಗೂ ಹೊಸದು, ಮೈದುನನೇ ನಿಂತು ಎಳೆಸ್ತಾನೆ.

ಆ ಕಾಂಟ್ರಾಕ್ಟರಿಗೆ ಕೊಡೋದು ಇನ್ನೂ 22,000 ಬಾಕಿ ಇದೆ. ನಿನ್ನೆ ರಾತ್ರಿ ಗೂಗಲ್ ಪೇ ನಂಬರ್ ಕಳಿಸಿ ಕೆಳಗೆ ಕೈ ಮುಗಿದಿರೋ ಚಿತ್ರ ಹಾಕಿದ್ದಾನೆ. ನಾನು 303 ಸೀಲಿನ ಫೋಟೋ, ಗಂಟು ಹಾಕಿದ ವಯರಿನ ಫೋಟೋ ಎರಡೂ ಕಳಿಸಿದೆ. ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.