ಒಸಿ (OC) ತಲೆನೋವು ಬಾಡಿಗೆದಾರನಿಗೂ ಇದೆ

ಒಸಿ, ಅಂದರೆ ನಕ್ಷೆಯಂತೆ ಕಟ್ಟಿದ ಕಟ್ಟಡವನ್ನು ಬಳಸಬಹುದು ಎಂಬ ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಗ್ಗೆ ನಿಮ್ಮ ಬರಹ ಓದಿದೆ. ‘ಒಸಿ ತರುವುದು ಬಿಲ್ಡರ್ ಕೆಲಸ, ಬಾಡಿಗೆಗೆ ಬರುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ’ ಎಂದು ಬರೆದಿದ್ದೀರಿ. ಮೊದಲ ಅರ್ಧ ಸರಿ, ಎರಡನೆಯದು ಖಂಡಿತ ತಪ್ಪು.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿದೆಯಾ? ಒಸಿ ತೋರಿಸದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು. ಹಾಗಾದಾಗ ಕತ್ತಲಲ್ಲಿ ಕೂರುವವನು ಬಿಲ್ಡರ್ ಅಲ್ಲ, ಅಂಗಡಿ ಇಟ್ಟವನು. ನಾನೇ ಬೆಂಗಳೂರಲ್ಲಿ ಹೀಗೆ ಒಂದು ಮಳಿಗೆಗೆ ಅಡ್ವಾನ್ಸ್ ಕೊಟ್ಟು ಎಂಟು ತಿಂಗಳು ತಾತ್ಕಾಲಿಕ ಕರೆಂಟಲ್ಲಿ ಒದ್ದಾಡಿದ್ದೇನೆ. ಕಾರಣ ಏನು ಗೊತ್ತಾ? ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದ ಬೇಸ್‌ಮೆಂಟಿನಲ್ಲಿ ಮಾಲೀಕರು ಗೋಡೌನ್ ಮಾಡಿದ್ದರು, ಹಾಗಾಗಿ ಒಸಿ ಸಿಕ್ಕಿರಲಿಲ್ಲ. ‘ಇವತ್ತು ನಾಳೆ ಒಸಿ ಬರುತ್ತೆ’ ಅಂತ ಸುಮ್ನೆ ಸಾಗಹಾಕಿದರು.

ಇನ್ನೊಂದು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದ್ದರೆ ಸಾಕು ಎಂಬಂತೆ ಬರೆದಿದ್ದೀರಿ. ಅದು ಕಟ್ಟುವ ಮುಂಚೆ ನಕ್ಷೆ ನೋಡಿ ಕೊಡುವುದು. ಎತ್ತರದ ಕಟ್ಟಡವಾದರೆ ಕೆಲಸ ಮುಗಿದ ಮೇಲೆ ಮತ್ತೆ ಬಂದು ಮೆಟ್ಟಿಲು, ನೀರಿನ ಟ್ಯಾಂಕು, ಪಂಪು, ಅಲಾರಂ ಎಲ್ಲ ನೋಡಿ ಕೊಡುವ ಕ್ಲಿಯರೆನ್ಸ್ ಬೇರೆ. ಒಸಿಗೆ ಬೇಕಾಗುವುದು ಅದೇ. 2010ರಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಜನ ಸತ್ತರಲ್ವಾ, ಅವರೆಲ್ಲ ಆಫೀಸಿಗೆ, ಕೆಲಸಕ್ಕೆ ಅಂತ ಬಂದವರೇ ಹೊರತು ಕಟ್ಟಿದವರಲ್ಲ.

ಈಗ ನಾನು ಯಾವ ಮಳಿಗೆ ನೋಡಲು ಹೋದರೂ ಮೊದಲು ಬೇಸ್‌ಮೆಂಟಿಗೆ ಇಳಿಯುತ್ತೇನೆ. ಬ್ರೋಕರ್‌ಗಳಿಗೆ ಇದು ಜಾಸ್ತಿ ಇಷ್ಟವಾಗುವುದಿಲ್ಲ.